ಹಳೆಯ ದಂಡಿನ ಮೋಟಾರುಗಳೂ ಅವುಗಳ ಟೈರುಗಳೂ

ಭಟ್ಕಳದ ಬಂದರಿನಲ್ಲಿ ಕಟ್ಟಿದ ಮೀನುದೋಣಿಗಳ ಪಕ್ಕೆಗಳಿಗೆ ಸವೆದುಹೋದ ಮೋಟಾರು ಟೈರುಗಳನ್ನು ತೂಗಹಾಕಿರುವುದನ್ನು ಆ ಕಡೆ ಹೋದವರೆಲ್ಲರೂ ಕಂಡಿರಬಹುದು. ದಕ್ಕೆಗೆ ದೋಣಿಯು ತಾಗಿ ಹಲಗೆ ಒಡೆಯದಿರಲೆಂಬುದೇ ಅದರ ಉದ್ದೇಶ. ಒಂದು ಕಾಲಕ್ಕೆ ರಸ್ತೆಯ ಮೇಲೆ ಹತ್ತಾರು ಸಾವಿರ ಮೈಲು ಉರುಳಿದ ವಸ್ತುವು ಕಡೆಗೆ ಉಪ್ಪುನೀರಿನಲ್ಲಿ ನೆನೆಯುತ್ತ ತನ್ನ ಆಯುಷ್ಯವನ್ನು ಮುಗಿಸುತ್ತದೆ. ಯಂತ್ರದ ಉಕ್ಕು ಉಳಿಯುತ್ತದೆ. ಎಂಜಿನನ್ನು ಬಿಚ್ಚಿ ಮತ್ತೆ ಜೋಡಿಸಬಹುದು. ಆದರೆ ಟೈರು ಮಾತ್ರ ಉಳಿಯುವುದಿಲ್ಲ. ಎರಡನೆಯ ಮಹಾಯುದ್ಧದ ದಂಡಿನ ಮೋಟಾರುಗಳನ್ನು ಅಭಿಮಾನದಿಂದ ಕಾಪಾಡುವವರಿಗೆ ಇಂದು ಎದುರಾಗುವ ದೊಡ್ಡ ತೊಡಕು ಇದೇ. ಅಂಥ ಒಂದು ವಾಹನಕ್ಕೆ ತಕ್ಕ ಟೈರು ಎಲ್ಲಿ ಸಿಕ್ಕೀತು? ಸಿಕ್ಕಿದುದು ತಕ್ಕದ್ದೆಂದು ಹೇಗೆ ತಿಳಿಯಬೇಕು? ಈ ಪ್ರಶ್ನೆಯು ಕೇವಲ ಅಂಗಡಿಯ ಪ್ರಶ್ನೆಯಾಗಿ ತೋರಿದರೂ, ಅದರ ಬೇರುಗಳು ಇತಿಹಾಸದಲ್ಲಿ ಆಳವಾಗಿ ಇಳಿದಿವೆ. ಆ ಇತಿಹಾಸದ ಒಂದು ಎಳೆ ಭಟ್ಕಳದ ಕಡಲತೀರಕ್ಕೇ ಬಂದು ಮುಟ್ಟುತ್ತದೆ.

ಜಾಲಿಯ ಮರಳದಂಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಇಂದು ಕಾಣುವುದು ಮೀನುಗಾರರ ದೋಣಿಗಳು ಮಾತ್ರ. ಐದು ಶತಮಾನಗಳ ಹಿಂದೆ ಇದೇ ಕಡಲ ಮೇಲೆ ಹೊರ್ಮುಜಿನಿಂದ ಕುದುರೆಗಳನ್ನು ಹೊತ್ತ ಹಡಗುಗಳು ಭಟ್ಕಳದ ರೇವಿಗೆ ಬರುತ್ತಿದ್ದುವು. ವಿಜಯನಗರದ ಸೈನ್ಯಕ್ಕೆ ಅಶ್ವಬಲವೇ ಜೀವಾಳ. ಆದರೆ ದಕ್ಷಿಣದ ಹವೆಯಲ್ಲಿ ಅರಬ್ಬೀ ಕುದುರೆಗಳ ತಳಿ ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಬಂದ ಕುದುರೆಗಳು ಬೇಗ ಸಾಯುತ್ತಿದ್ದುವು. ಸತ್ತವುಗಳ ಸ್ಥಾನಕ್ಕೆ ಹೊಸವು ಬರುತ್ತಲೇ ಇರಬೇಕಾಗಿತ್ತು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ತುಗೀಸ ಕುದುರೆ ವ್ಯಾಪಾರಿ ನೂನಿಜನು, ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನ ಸಂಗತಿಯನ್ನು ಹೇಳುವಾಗ ಅವನು ಇನ್ನೂ ವಿಚಿತ್ರವಾದ ಒಂದು ಮಾತನ್ನು ಸೇರಿಸುತ್ತಾನೆ: ಹಡಗಿನಲ್ಲಿ ಸತ್ತ ಕುದುರೆಗೂ ಆ ಅರಸನು ಬೆಲೆ ಕೊಡುತ್ತಿದ್ದನು, ವ್ಯಾಪಾರಿಯು ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಸತ್ತ ಪ್ರಾಣಿಗೆ ಹಣ ತೆತ್ತ ಅರಸನು ಅವಿವೇಕಿಯಲ್ಲ. ವ್ಯಾಪಾರಿಗಳ ನಷ್ಟವನ್ನು ತಾನು ಹೊರದಿದ್ದರೆ ಮುಂದಿನ ಹಡಗು ಬಾರದೆಂಬುದನ್ನು ಅವನು ಬಲ್ಲವನಾಗಿದ್ದನು.

ಈ ವ್ಯಾಪಾರದ ಕೀಲಿಕೈ ಯಾರ ವಶದಲ್ಲಿರುವುದೋ ಅವರಿಗೆ ಒಳನಾಡಿನ ರಾಜ್ಯಗಳು ಮಣಿಯಬೇಕಾಗುವುದೆಂಬುದು ಪೋರ್ತುಗೀಸರಿಗೆ ಶೀಘ್ರವಾಗಿಯೇ ತಿಳಿಯಿತು. 1510ರಲ್ಲಿ ಗೋವೆಯನ್ನು ಹಿಡಿದ ಆಲ್ಬುಕರ್ಕನು ಭಟ್ಕಳದಲ್ಲಿ ಕೋಟೆ ಕಟ್ಟಲು ಕೃಷ್ಣದೇವರಾಯನ ಅನುಮತಿಯನ್ನು ಬಯಸಿದನು. ಕುದುರೆಗಳ ಹಡಗುಗಳನ್ನು ಬಲಾತ್ಕಾರದಿಂದ ಗೋವೆಯತ್ತ ತಿರುಗಿಸಲಾಯಿತು. ಭಟ್ಕಳದ ರೇವಿಗೆ ಮೊದಲು ಬರುತ್ತಿದ್ದ ಕುದುರೆಗಳು ಈಗ ಗೋವೆಗೆ ಹೋಗುತ್ತಿವೆಯೆಂದು ಬಾರ್ಬೋಸನು ಬರೆದನು. 1547ರ ಒಪ್ಪಂದದಲ್ಲಿ ಗೋವೆಯ ಕುದುರೆಗಳೆಲ್ಲ ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಸಲ್ಲಬಾರದು ಎಂಬುದೇ ಒಂದು ಮುಖ್ಯವಾದ ಕರಾರು. ಸೈನ್ಯದ ಬಲವು ಅದರ ಅತ್ಯಂತ ಬೇಗ ನಶಿಸುವ ಅಂಗದಲ್ಲಿದೆ. ಆ ಅಂಗವು ಕಡಲಾಚೆಯಿಂದ ಬರುವುದಾದರೆ ಕಡಲೇ ಸೈನ್ಯದ ಒಡೆಯ. ನಾಲ್ಕು ನೂರು ವರ್ಷಗಳು ಕಳೆದ ಮೇಲೆ ಇದೇ ಪಾಠವನ್ನು ಲೋಕವು ರಬ್ಬರಿನ ಮೂಲಕ ಮತ್ತೊಮ್ಮೆ ಕಲಿಯಬೇಕಾಯಿತು.

ರಬ್ಬರಿನ ಚರಿತ್ರೆಯು ದೀರ್ಘವಾದುದಲ್ಲ. ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿದ್ದ ಮರದ ಹಾಲನ್ನು ಗಂಧಕದೊಡನೆ ಕಾಯಿಸಿದರೆ ಅದು ದೃಢವಾಗುವುದೆಂದು ಅಮೆರಿಕೆಯ ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಕೊಂಡನು. 1876ರಲ್ಲಿ ವಿಕ್‌ಹ್ಯಾಮನು ಬ್ರೆಜಿಲಿನಿಂದ ಸುಮಾರು 70,000 ಬೀಜಗಳನ್ನು ಲಂಡನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳ ಸಂತತಿಯೇ ಸಿಂಹಳ ಮಲಯಗಳ ತೋಟಗಳಾಗಿ ಹಬ್ಬಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಆದರೂ ದಂಡಿನವರು ಗಾಳಿಯನ್ನು ಬೇಗ ನಂಬಲಿಲ್ಲ. ಮೊದಲನೆಯ ಮಹಾಯುದ್ಧದ ಭಾರದ ಲಾರಿಗಳಲ್ಲಿ ಹೆಚ್ಚಿನವು ಗಟ್ಟಿ ರಬ್ಬರಿನ ಪಟ್ಟಿಗಳ ಮೇಲೆಯೇ ಓಡಿದುವು. ಅವು ಮುಳ್ಳಿಗೂ ಮೊಳೆಗೂ ಹೆದರುತ್ತಿರಲಿಲ್ಲ. ಆದರೆ ವೇಗವನ್ನು ತಾಳುತ್ತಿರಲಿಲ್ಲ, ಕೆಸರಿನಲ್ಲಿ ಹೂತುಹೋಗುತ್ತಿದ್ದುವು. ಎರಡನೆಯ ಯುದ್ಧದ ವೇಳೆಗೆ ದಂಡಿನ ಗಾಲಿಗಳೆಲ್ಲ ಗಾಳಿಯ ಮೇಲೆ ನಿಂತಿದ್ದುವು.

ಭಾರತದಲ್ಲಿ ಟೈರಿನ ಕೈಗಾರಿಕೆಗೆ ಆಗಿನ್ನೂ ಎಳವೆ. ಹೂಗ್ಲಿಯ ದಂಡೆಯ ಸಾಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆಯು 1936ರಲ್ಲಿ ಕೆಲಸವನ್ನು ಆರಂಭಿಸಿತ್ತು. ತರುವಾಯ ಮುಂಬಯಿಯಲ್ಲಿ ಫೈರ್‌ಸ್ಟೋನ್ ಕಾರ್ಖಾನೆಯು ತಲೆಯೆತ್ತಿತು. ಹೀಗಿರುವಾಗ 1941ರ ಡಿಸೆಂಬರಿನಲ್ಲಿ ಜಪಾನಿನ ಸೇನೆಯು ಮಲಯದ ಮೇಲೆ ಇಳಿಯಿತು. 1942ರ ಫೆಬ್ರವರಿ 15ರಂದು ಸಿಂಗಪುರವು ಬಿದ್ದಿತು. ಜಾವಾ ಸುಮಾತ್ರಗಳೂ ಅದನ್ನು ಹಿಂಬಾಲಿಸಿದುವು. ಮಿತ್ರರಾಷ್ಟ್ರಗಳಿಗೆ ದೊರೆಯುತ್ತಿದ್ದ ರಬ್ಬರಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕೆಲವೇ ತಿಂಗಳುಗಳಲ್ಲಿ ಕೈಬಿಟ್ಟುಹೋಯಿತು. ಸಿಂಹಳವೂ ದಕ್ಷಿಣ ಭಾರತದ ತೋಟಗಳೂ ಮಾತ್ರ ಮುಖ್ಯವಾಗಿ ಉಳಿದುವು. ಐಶ್ವರ್ಯದ ನಾಡೆನಿಸಿದ ಅಮೆರಿಕೆಯಲ್ಲಿ ಸಹ ಯುದ್ಧಕಾಲದಲ್ಲಿ ಮೊತ್ತಮೊದಲು ಪಡಿತರಕ್ಕೆ ಒಳಗಾದ ಪದಾರ್ಥವು ಸಕ್ಕರೆಯಲ್ಲ, ಪೆಟ್ರೋಲಲ್ಲ. 1942ರ ಜನವರಿಯಲ್ಲಿ ಪಡಿತರಕ್ಕೆ ಬಂದುದು ಟೈರು. ಅದೇ ವರ್ಷ ಅಲ್ಲಿ ಮೋಟಾರುಗಳ ವೇಗವನ್ನು ಗಂಟೆಗೆ 35 ಮೈಲಿಗೆ ಇಳಿಸಿದುದೂ ಪ್ರಧಾನವಾಗಿ ಟೈರನ್ನು ಉಳಿಸುವುದಕ್ಕಾಗಿಯೇ.

ಕನ್ನಡ ಕರಾವಳಿಯು ಆ ಕಾಲದಲ್ಲಿ ಎರಡು ಬಗೆಯ ಅಭಾವವನ್ನು ಕಂಡಿತು. ಪೆಟ್ರೋಲು ದುರ್ಲಭವಾದಾಗ ಮೋಟಾರಿನ ಹಿಂಬದಿಗೆ ಉರಿಯ ಪೀಪಾಯಿಯನ್ನು ಕಟ್ಟಿ ಇದ್ದಿಲಿನ ಅನಿಲದಿಂದ ಬಸ್ಸುಗಳನ್ನು ಓಡಿಸಿದರು. ಏರು ಬಂದಲ್ಲಿ ಉಸಿರು ಕಟ್ಟಿ ನಿಲ್ಲುತ್ತಿದ್ದ ಆ ಬಸ್ಸುಗಳ ಕಥೆಯನ್ನು ಹಿರಿಯರು ಬಹುಕಾಲ ಹೇಳಿಕೊಂಡು ನಗುತ್ತಿದ್ದರು. ಇದ್ದಿಲಿಗೆ ಈ ಕಾಡುಸೀಮೆಯಲ್ಲಿ ಕೊರತೆಯಿರಲಿಲ್ಲ. ಪೆಟ್ರೋಲಿಗೆ ಬದಲಿ ಮನೆಯ ಹಿಂದಿನ ಕಾಡಿನಲ್ಲಿಯೇ ಸಿಕ್ಕಿತು. ಟೈರಿಗೆ ಬದಲಿ ಎಲ್ಲಿಯೂ ಸಿಕ್ಕಲಿಲ್ಲ. ಚಿರೆಕಲ್ಲಿನ ಒರಟು ರಸ್ತೆ, ನಡುವೆ ಸೇತುವೆಯಿಲ್ಲದ ಶರಾವತಿಯಂಥ ಹೊಳೆಗಳು, ಆರು ತಿಂಗಳ ಮಳೆ ಇವುಗಳ ನಡುವೆ ಇದ್ದ ಟೈರಿಗೇ ತೇಪೆಯ ಮೇಲೆ ತೇಪೆ ಹಾಕಿ, ಸವೆದ ಮೈಗೆ ಹೊಸ ರಬ್ಬರನ್ನು ಅಂಟಿಸಿ ರೀಸೋಲ್ ಮಾಡಿ, ಅದೂ ಹರಿದರೆ ಒಳಗೆ ಮತ್ತೊಂದು ಹಳೆಯ ಟೈರಿನ ತುಂಡನ್ನಿಟ್ಟು ಓಡಿಸುವ ವಿದ್ಯೆಯನ್ನು ಚಾಲಕರು ಕಲಿಯಬೇಕಾಯಿತು.

ಇತ್ತ ದಂಡಿಗೆ ಬೇಕಾದ ಟೈರಿನ ಪ್ರಮಾಣವಾದರೋ ಊಹೆಗೆ ಮೀರಿದುದು. ಜೀಪು ಎಂದು ಲೋಕಪ್ರಸಿದ್ಧವಾದ ಪುಟ್ಟ ವಾಹನವನ್ನು ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದುವು. ಬದಲಿ ಗಾಲಿಯೂ ಸೇರಿ ಒಂದೊಂದಕ್ಕೆ ಐದು ಟೈರುಗಳು. ಹತ್ತು ಗಾಲಿಗಳ ಜಿ.ಎಂ.ಸಿ. ಲಾರಿಗಳು, ಡಾಜ್ ಗಾಡಿಗಳು, ಕೆನಡಾದಿಂದ ಬಂದ ಚಪ್ಪಟೆಮೂಗಿನ ಫೋರ್ಡ್ ಮತ್ತು ಶೆವರ್ಲೆ ಲಾರಿಗಳು ಇವೆಲ್ಲ ಬೇರೆ. ಭಾರತದಲ್ಲಿಯೇ ಕೆನಡಾದ ಫೋರ್ಡ್ ಚಾಸಿಗಳಿಗೆ ಜಮ್‌ಶೇದಪುರದ ತಾತಾ ಉಕ್ಕಿನ ಕವಚವನ್ನು ತೊಡಿಸಿ ಯುದ್ಧವಾಹನಗಳನ್ನು ಸಿದ್ಧಗೊಳಿಸಿದರು. ಇಂಫಾಲ ಕೊಹಿಮಾಗಳ ಬೆಟ್ಟದ ದಾರಿಯಲ್ಲಿ 1944ರಲ್ಲಿ ಈ ವಾಹನಗಳನ್ನು ನಡೆಸಿದವರಲ್ಲಿ ಭಾರತದ ಹಳ್ಳಿಗಳಿಂದ ಹೋದ ಚಾಲಕರು ಅಸಂಖ್ಯರು. ಆ ಯುದ್ಧದಲ್ಲಿ ಭಾರತದ ಸೈನ್ಯವು ಸುಮಾರು 25 ಲಕ್ಷ ಸಂಖ್ಯೆಗೆ ಏರಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಮರದ ಹಾಲು ದೊರೆಯದಿದ್ದಾಗ ವಿಜ್ಞಾನಿಗಳು ಕೃತಕ ರಬ್ಬರನ್ನು ಮಾಡಲು ತೊಡಗಿದರು. ಅಮೆರಿಕೆಯಲ್ಲಿ 1941ರಲ್ಲಿ ವರ್ಷಕ್ಕೆಲ್ಲ ಕೇವಲ ಇನ್ನೂರಮೂವತ್ತು ಟನ್ನಿನಷ್ಟಿದ್ದ ಸಾಮಾನ್ಯಬಳಕೆಯ ಕೃತಕ ರಬ್ಬರು 1945ರಲ್ಲಿ ತಿಂಗಳಿಗೆ 70,000 ಟನ್ನಿನವರೆಗೆ ಏರಿತು. ಕಾರ್ಯವು ಅದ್ಭುತವೇ ಸರಿ. ಆದರೆ ಆ ಕೃತಕ ರಬ್ಬರು ಓಟದಲ್ಲಿ ಹೆಚ್ಚು ಕಾಯುತ್ತಿತ್ತು; ಭಾರದ ಲಾರಿಗಳ ದೊಡ್ಡ ಟೈರುಗಳಿಗೆ ನಿಜವಾದ ರಬ್ಬರನ್ನು ಬೆರೆಸದೆ ಗತಿಯಿರಲಿಲ್ಲ. ಹೀಗೆ ಯುದ್ಧಕಾಲದ ಟೈರು ಅವಸರದಲ್ಲಿ ಹುಟ್ಟಿದುದು, ಕೆಲವು ತಿಂಗಳು ಬಾಳಿದರೆ ಸಾಕೆಂದು ಮಾಡಿದುದು. ಎಂಬತ್ತು ವರ್ಷ ಬಾಳಲೆಂದು ಅದನ್ನು ಯಾರೂ ಎರಕ ಹೊಯ್ಯಲಿಲ್ಲ.

ಯುದ್ಧವು ಮುಗಿದ ಮೇಲೆ ದಂಡಿಗೆ ಬೇಡವಾದ ವಾಹನಗಳನ್ನು ಸರ್ಕಾರವು ಮಾರಿತು. ಜನರು ಅವನ್ನು ಕೊಂಡು ಲಾರಿಗಳಿಗೆ ಮರದ ಮೈಯನ್ನು ಕಟ್ಟಿಸಿ ಬಸ್ಸು ಮಾಡಿದರು; ಜೀಪುಗಳು ಮಲೆನಾಡಿನ ತೋಟಗಳಿಗೂ ಗುತ್ತಿಗೆದಾರರ ಕೈಗೂ ಹೋದುವು. ಮುಂಬಯಿಯ ಮಹೀಂದ್ರಾ ಸಂಸ್ಥೆಯು 1940ರ ದಶಕದ ಕಡೆಯ ವರ್ಷಗಳಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಯ ಬಂಡೆಗಲ್ಲಿನ ದಾರಿಯನ್ನು ಯಾತ್ರಿಕರೊಡನೆ ಏರುವ ಜೀಪುಗಳು ಆ ವಂಶದವೇ. ಆದರೆ ದಂಡಿನ ಮೂಲ ಟೈರುಗಳು ಏನಾದುವು? ಅವುಗಳ ಗತಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸವೆದ ಟೈರನ್ನು ಕತ್ತರಿಸಿ ಚಪ್ಪಲಿ ಹೊಲಿದರು. ಬಾವಿಯ ನೀರು ಸೇದುವ ಬಕೆಟ್ಟು ಮಾಡಿದರು. ಮರದ ಕೊಂಬೆಗೆ ಕಟ್ಟಿ ಮಕ್ಕಳಿಗೆ ಉಯ್ಯಾಲೆ ಹಾಕಿದರು. ಉಳಿದುದನ್ನು ದೋಣಿಗೆ ತೂಗಹಾಕಿದರು. ಬಡತನದ ನಾಡಿನಲ್ಲಿ ಯಾವ ವಸ್ತುವೂ ವ್ಯರ್ಥವಾಗುವುದಿಲ್ಲ. ಆ ಕಾರಣದಿಂದಲೇ ಯಾವ ವಸ್ತುವೂ ಮುಂದಿನವರಿಗೆ ನೆನಪಾಗಿ ಉಳಿಯುವುದೂ ಇಲ್ಲ.

ಇಂದು ಅಂಥ ವಾಹನವೊಂದನ್ನು ಉಳಿಸಿಕೊಂಡವನು ಟೈರನ್ನು ಅರಸಹೊರಟಾಗ ಮೊದಲು ನೋಡಬೇಕಾದುದು ಅಳತೆ. ಜೀಪಿನ ಅಳತೆ 6.00-16, ಎಂದರೆ ಟೈರಿನ ಅಗಲ ಆರು ಅಂಗುಲ, ಗಾಲಿಯ ಉಕ್ಕಿನ ಬಳೆಯ ವ್ಯಾಸ ಹದಿನಾರು ಅಂಗುಲ. ಡಾಜ್ ಗಾಡಿಗೆ 9.00-16, ಹತ್ತು ಗಾಲಿಯ ಜಿ.ಎಂ.ಸಿ. ಲಾರಿಗೆ 7.50-20, ಕೆನಡಾದ ಮೂರು ಟನ್ನಿನ ಶೆವರ್ಲೆಗೆ 10.50-20. ಇವುಗಳ ಅದೃಷ್ಟವು ಒಂದೇ ತೆರನಾಗಿಲ್ಲ. ಭಾರತದ ಲಾರಿಗಳು ಕಾಲಕ್ರಮದಲ್ಲಿ 9.00-20, 10.00-20 ಎಂಬ ಅಳತೆಗಳಿಗೆ ಹೊಂದಿಕೊಂಡವು. ಅವುಗಳ ನಡುವೆ 10.50-20 ಎಂಬುದು ಅನಾಥವಾಯಿತು. ಜೀಪಿನ 6.00-16 ಮಾತ್ರ ಬಹುಕಾಲ ರೂಢಿಯಲ್ಲಿ ಉಳಿಯಿತು.

ಆದರೆ ಅಳತೆಯ ಸಾಮ್ಯವೇ ಮೋಸವೂ ಆಗಬಹುದು. ಕೃಷಿಯ ಟ್ರಾಕ್ಟರುಗಳ ಮುಂಗಾಲಿಗೆ ಹಾಕುವ ಟೈರಿನ ಅಳತೆಯೂ 6.00-16. ಅದು ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತದೆ, ಜೀಪಿನ ಬಳೆಗೆ ಸಲೀಸಾಗಿ ಕೂರುತ್ತದೆ. ಆದರೆ ಅದು ಗದ್ದೆಯ ನಿಧಾನಗತಿಗಾಗಿ ಮಾಡಿದುದು. ಅದರ ಮೈಮೇಲೆ ಸುತ್ತ ಹರಿದಿರುವ ಏಣುಗಳು ಟ್ರಾಕ್ಟರಿನ ದಿಕ್ಕನ್ನು ತಿರುಗಿಸಲು ತಕ್ಕವೇ ಹೊರತು ಹೆದ್ದಾರಿಯ ವೇಗಕ್ಕೂ ಬ್ರೇಕಿನ ಬಿಗಿತಕ್ಕೂ ತಕ್ಕವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ಕಪ್ಪು ವಸ್ತುವಿಗೆ ಅನ್ವಯಿಸಬೇಕು. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಭಾರದ ಮಿತಿಯನ್ನೂ ವೇಗದ ಮಿತಿಯನ್ನೂ ಓದದೆ ಕೊಳ್ಳಬಾರದು. ‘ಆರು ಪದರ’ ಎಂದು ಹಳೆಯ ಕೈಪಿಡಿಗಳಲ್ಲಿ ಬರೆದಿದ್ದರೆ ಒಳಗೆ ನಿಜವಾಗಿಯೂ ಹತ್ತಿಯ ನೂಲಿನ ಆರು ಪದರಗಳಿದ್ದ ಕಾಲವದು. ಅನಂತರ ನೈಲಾನು ಬಂದು ಪದರಗಳು ಕಡಿಮೆಯಾದರೂ ಆ ಮಾತು ಬಲದ ಪ್ರಮಾಣವಾಗಿ ಉಳಿಯಿತು.

ಎರಡನೆಯದು ನಾಲ್ಕು ಗಾಲಿಗಳ ಸಮಾನತೆ. ಯುದ್ಧಕಾಲದ ಜೀಪಿನಲ್ಲಿ ಮುಂಗಾಲಿಗಳಿಗೂ ಶಕ್ತಿಯನ್ನು ಕೊಟ್ಟಾಗ ಹಿಂದುಮುಂದಿನ ಅಚ್ಚುಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ಗತಿಯಲ್ಲಿ ತಿರುಗಬೇಕು. ಮುಂದೆ ಒಂದು ಎತ್ತರದ, ಹಿಂದೆ ಇನ್ನೊಂದು ಎತ್ತರದ ಟೈರುಗಳಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತಾಗಿ, ನಡುವಿನ ಹಲ್ಲುಚಕ್ರಗಳು ಆ ಜಗಳವನ್ನು ಹೊರಬೇಕಾಗುತ್ತದೆ. ಎಂಬತ್ತು ವರ್ಷದ ಹಲ್ಲುಚಕ್ರ ಮುರಿದರೆ ಟೈರಿಗಿಂತ ಅದನ್ನು ಹುಡುಕುವುದೇ ಕಷ್ಟ. ರೇಡಿಯಲ್ ಟೈರುಗಳನ್ನೂ ಹಳೆಯ ಬಗೆಯ ಅಡ್ಡನೂಲಿನ ಟೈರುಗಳನ್ನೂ ಒಂದೇ ಅಚ್ಚಿನ ಎಡಬಲಗಳಿಗೆ ಹಾಕುವುದೂ ಅಪಾಯಕರ. ತಿರುವಿನಲ್ಲಿ ಒಂದು ಬಾಗುವಂತೆ ಇನ್ನೊಂದು ಬಾಗುವುದಿಲ್ಲ. ಅಗಲವಾದ ಹೊಸ ಟೈರುಗಳು ಜೀಪಿನ ನಾಲ್ಕೂವರೆ ಅಂಗುಲದ ಕಿರಿದಾದ ಬಳೆಗೆ ಸಲ್ಲುವುದಿಲ್ಲವೆಂಬುದನ್ನೂ ಗಮನಿಸಬೇಕು.

ಮೂರನೆಯದು ವಯಸ್ಸು. ಹಳೆಯ ಉಗ್ರಾಣದಲ್ಲಿ ಕೂದಲೆಳೆಯಷ್ಟೂ ಸವೆಯದ ಯುದ್ಧಕಾಲದ ಟೈರು ಸಿಕ್ಕಿತೆಂದು ಕೆಲವರು ಹಿಗ್ಗುವುದುಂಟು. ನೋಟಕ್ಕೆ ಅದು ನಿಧಿ, ರಸ್ತೆಗೆ ಮೃತ್ಯು. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಗಾಳಿಯ ಓಜೋನೂ ಬಿಸಿಲೂ ಅದರ ಪಕ್ಕೆಯಲ್ಲಿ ಸಣ್ಣ ಬಿರುಕುಗಳನ್ನು ಮೂಡಿಸುತ್ತವೆ. ಒಳಗಿನ ಹತ್ತಿಯ ನೂಲು ತೇವಕ್ಕೆ ಕೊಳೆತಿರುತ್ತದೆ. 2000ದಿಂದ ಈಚಿನ ಟೈರುಗಳ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತಿದ್ದು, ಮೊದಲಿನೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ಮಾಡಿದುದೆಂದು ಅರ್ಥ. ಜಾಲಿಯಂಥ ಕಡಲತೀರದ ಊರುಗಳಲ್ಲಿ ಇನ್ನೊಂದು ಶತ್ರುವಿದೆ. ಉಪ್ಪುಗಾಳಿಗೆ ಉಕ್ಕಿನ ಬಳೆ ತುಕ್ಕು ಹಿಡಿದು, ಆ ತುಕ್ಕಿನ ಚಕ್ಕೆಗಳು ಒಳಗಿನ ಟ್ಯೂಬನ್ನು ಉಜ್ಜಿ ತೂತು ಮಾಡುತ್ತವೆ. ಹೊಸ ಟೈರನ್ನು ತೊಡಿಸುವ ಮುನ್ನ ಬಳೆಯನ್ನು ಕೆರೆದು ಬಣ್ಣ ಹಚ್ಚದಿದ್ದರೆ ಕೊಟ್ಟ ಹಣವು ನೀರಿನಲ್ಲಿ ಹೋಮ ಮಾಡಿದಂತೆಯೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರುವಂತಿಲ್ಲ. ದಂಡಿನ ಜೀಪುಗಳ ಬಳೆಗಳಲ್ಲಿ ಅನೇಕವು ಎರಡು ಹೋಳುಗಳಾಗಿದ್ದು ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತವೆ. ರಣರಂಗದಲ್ಲಿ ಟೈರನ್ನು ಬೇಗ ಬದಲಿಸಲೆಂದು ಹಾಗೆ ಮಾಡಿದುದು. ಗಾಳಿಯನ್ನು ಪೂರ್ತಿಯಾಗಿ ಹೊರಬಿಡದೆ ಆ ಬೋಲ್ಟುಗಳನ್ನು ಸಡಿಲಿಸಿದರೆ ಬಳೆಯ ಹೋಳು ತೋಪಿನ ಗುಂಡಿನಂತೆ ಸಿಡಿಯುತ್ತದೆ. ಗಾಲಿಯನ್ನು ಗಾಡಿಗೆ ಕಟ್ಟಿದ ಬೋಲ್ಟು ಯಾವುದು, ಬಳೆಯ ಹೋಳುಗಳನ್ನು ಹಿಡಿದ ಬೋಲ್ಟು ಯಾವುದು ಎಂಬ ಭೇದವನ್ನು ಅರಿಯದ ಕೈಗೆ ಸ್ಪ್ಯಾನರನ್ನು ಕೊಡಬಾರದು.

ಇಷ್ಟಾದ ಮೇಲೂ ಒಂದು ಪ್ರಶ್ನೆಯು ಉಳಿಯುತ್ತದೆ. ಹೊಸ ಟೈರು ತೊಟ್ಟ ಹಳೆಯ ವಾಹನವು ಸತ್ಯವೇ, ವೇಷವೇ? ದಂಡಿನ ಜೀಪಿನ ಟೈರಿನ ಮೈಯಲ್ಲಿ ಹಿಂದುಮುಂದೆಂಬ ಭೇದವಿಲ್ಲದ ದಪ್ಪ ಗಟ್ಟಿಗಳಿದ್ದುವು. ಅದು ಬರಿಯ ಅಲಂಕಾರವಲ್ಲ. ಯಾವ ಗಾಲಿಯನ್ನು ಯಾವ ಕಡೆಗೆ ಹಾಕಿದರೂ ಸಲ್ಲಲೆಂಬುದು ಅದರ ಮರ್ಮ. ಆ ಮಾದರಿಯ ಟೈರುಗಳನ್ನು ಪುನಃ ಎರಕಹೊಯ್ದು ಮಾರುವ ಸಂಸ್ಥೆಗಳು ಲೋಕದಲ್ಲಿವೆ. 1958ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ಕೋಕರ್ ಸಂಸ್ಥೆಯು ಈ ಕಾರ್ಯಕ್ಕಾಗಿ ಹೆಸರಾದುದು. ಕಡಲು ದಾಟಿ ಬರುವ ಅವುಗಳ ಬೆಲೆಯು ಕೆಲವೊಮ್ಮೆ ಮೂಗಿಗಿಂತ ಮೂಗುತಿ ಭಾರವೆನ್ನುವಂತಾಗುತ್ತದೆ. ಭಾರತ ಸರ್ಕಾರವು 2021ರಲ್ಲಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಹೊಂದದ ವಾಹನಗಳಿಗೆ ಪುರಾತನವೆಂಬ ಪ್ರತ್ಯೇಕ ನೋಂದಣಿಯುಂಟು. ಟೈರು ಆ ಮೂರರಲ್ಲಿ ಸೇರಿಲ್ಲ. ಟೈರು ಸವೆಯಲೆಂದೇ ಹುಟ್ಟಿದುದು. ಅದನ್ನು ಬದಲಿಸುವುದು ವಾಹನದ ಸ್ವಭಾವಕ್ಕೆ ವಿರುದ್ಧವಲ್ಲ, ಅನುಗುಣವಾದುದು. 1944ರಲ್ಲಿಯೂ ಆ ಜೀಪು ತನ್ನ ಮೊದಲ ಟೈರುಗಳ ಮೇಲೆ ಬಹುದಿನ ಓಡಿರಲಾರದು.

ಆದುದರಿಂದ ವಿವೇಕಿಯಾದ ಸಂಗ್ರಾಹಕನು ಎರಡು ಕೆಲಸಗಳನ್ನು ಬೇರೆಯಾಗಿ ಮಾಡುವನು. ಯುದ್ಧಕಾಲದ ಮೂಲ ಟೈರು ದೈವವಶದಿಂದ ದೊರೆತರೆ ಅದನ್ನು ಬಿಸಿಲು ತಾಗದ ಕಡೆ ಇರಿಸಿ, ಅದರ ಅಳತೆಯನ್ನೂ ಕಾರ್ಖಾನೆಯ ಗುರುತನ್ನೂ ಬರೆದಿಟ್ಟು, ಚರಿತ್ರೆಯ ಸಾಕ್ಷಿಯಾಗಿ ಕಾಪಾಡುವನು. ರಸ್ತೆಗೆ ಇಳಿಯುವ ಗಾಡಿಗೆ ಅಳತೆ, ಬಲ, ವಯಸ್ಸು ಮೂರೂ ಹೊಂದುವ ಹೊಸ ಟೈರನ್ನು ತೊಡಿಸಿ, ಅದು ಹೊಸದೆಂದು ನಾಚದೆ ಹೇಳುವನು. ಗಾಡಿಯನ್ನು ನೋಡಬಂದ ಬಾಲಕನು ಹಳೆಯ ಟೈರಿನ ಮೋಹಕ್ಕಾಗಿ ಗಾಯಗೊಳ್ಳುವುದಾದರೆ ಅಂಥ ಸತ್ಯನಿಷ್ಠೆಗೆ ಬೆಲೆಯೇನು?

ಭಾರತವು ಈ ವಿಷಯದಲ್ಲಿ ಮೊದಲಿನಂತೆ ನಿರ್ಗತಿಕವಲ್ಲ. 1947ರಲ್ಲಿ ರಬ್ಬರು ಶಾಸನವಾಯಿತು. 1946ರಲ್ಲಿ ಮದರಾಸಿನ ಬಳಿ ಆಟದ ಬಲೂನುಗಳನ್ನು ಮಾಡುತ್ತಿದ್ದ ಒಂದು ಸಣ್ಣ ಕಾರ್ಖಾನೆಯು 1952ರಲ್ಲಿ ರೀಸೋಲಿಗೆ ಬೇಕಾದ ರಬ್ಬರನ್ನೂ, 1960ರ ದಶಕದಲ್ಲಿ ಟೈರನ್ನೂ ಮಾಡಿ ಎಂ.ಆರ್.ಎಫ್. ಎಂದು ಪ್ರಖ್ಯಾತವಾಯಿತು. ಮೈಸೂರಿನಲ್ಲಿ ವಿಕ್ರಾಂತ ಟೈರು ಕಾರ್ಖಾನೆಯು ಬೆಳೆದು 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಿಂದ ಸಿಂಹಳವನ್ನು ಬಿಟ್ಟು ಬಂದ ತಮಿಳು ಕುಟುಂಬಗಳು ಸುಳ್ಯ ಪುತ್ತೂರುಗಳ ಸರ್ಕಾರಿ ತೋಟಗಳಲ್ಲಿ ರಬ್ಬರಿನ ಹಾಲನ್ನು ಇಳಿಸಿದುವು. ಕಡಲಾಚೆಯಿಂದ ಬರುತ್ತಿದ್ದ ವಸ್ತುವು ಹೀಗೆ ಕನ್ನಡ ನೆಲದ ಮರದಲ್ಲಿಯೇ ಒಸರತೊಡಗಿತು. ಕುದುರೆಯ ವಿಷಯದಲ್ಲಿ ವಿಜಯನಗರಕ್ಕೆ ಈ ಭಾಗ್ಯವು ಒದಗಲಿಲ್ಲ.

ಭಟ್ಕಳದ ದಕ್ಕೆಯಲ್ಲಿ ಅಲೆಗೆ ತೊನೆಯುವ ದೋಣಿಯ ಪಕ್ಕೆಯ ಟೈರನ್ನು ಇನ್ನು ಮುಂದೆ ಕಂಡಾಗ ವಾಚಕರು ಒಂದು ಗಳಿಗೆ ನಿಲ್ಲಬಹುದು. ಅದರ ಪಕ್ಕೆಯ ಮೇಲೆ ಅಳಿಸಿಹೋಗುತ್ತಿರುವ ಅಂಕಿಗಳಿರುತ್ತವೆ. ಅವನ್ನು ಒರೆಸಿ ಓದಿದರೆ ಅಳತೆ ತಿಳಿದೀತು. ಅದು ಉರುಳಿದ ದಾರಿ ಮಾತ್ರ ತಿಳಿಯದು. ಹಳೆಯ ಸಾಮಾನಿನ ಅಂಗಡಿಗೆ ಹೋಗಲಿರುವ ಯಾವುದಾದರೂ ಗಾಲಿಯ ಮೇಲೆ ಅಂಥ ಹಳೆಯ ಗುರುತು ಕಂಡುಬಂದರೆ, ಅದನ್ನು ಕತ್ತರಿಸುವ ಮುನ್ನ ಬರೆದಿಟ್ಟುಕೊಳ್ಳುವುದು ಜಿಲ್ಲೆಯ ಚರಿತ್ರೆಗೆ ಸಲ್ಲಿಸುವ ಸಣ್ಣ ಸೇವೆಯೇ ಆಗುವುದು.